ಬ್ಯಾಡ್ಜ್ ಬೀರುವಿನಲ್ಲಿ, ನೀವು ಎಕ್ಸ್‌ರೇ ರೂಮಿನಲ್ಲಿ

ಪ್ರಶ್ನೆ: ತಾಲ್ಲೂಕು ಊರೊಂದರ ನರ್ಸಿಂಗ್ ಹೋಮ್‌ನಲ್ಲಿ ಎಕ್ಸ್‌ರೇ ಟೆಕ್ನಿಷಿಯನ್ ಆಗಿದ್ದೇನೆ. ಈಗ ಎರಡು ತಿಂಗಳ ಬಸುರಿ. ‘ಆ ಕರೆಂಟು ಮಗೂಗೆ ತಾಗುತ್ತೆ, ಕೆಲಸ ಬಿಟ್ಟುಬಿಡು’ ಅಂತಾರೆ ಅತ್ತೆ. ನಮ್ಮವರಿಗೆ ಮನೆ ಸಾಲದ ಕಂತಿನ ಚಿಂತೆ. ಕಳೆದುಹೋದೀತು ಎಂದು, ಮೈಗೆ ತಗಲಿದ ವಿಕಿರಣ ಅಳೆಯುವ ನನ್ನ ಟಿಎಲ್‌ಡಿ ಬ್ಯಾಡ್ಜನ್ನು ಮಾಲೀಕರು ಬೀರುವಿನಲ್ಲಿಟ್ಟು ಬೀಗ ಹಾಕಿದ್ದಾರೆ. ರೂಮಿನ ಬಾಗಿಲೂ ಸರಿಯಾಗಿ ಮುಚ್ಚುವುದಿಲ್ಲ. ಬಸುರಿ ಎಂದರೆ ಕೆಲಸ ಹೋದೀತೆಂಬ ಭಯ. ಏನು ಮಾಡಲಿ?
(ಹೆಸರು ಬೇಡ, ಹಾಸನ ಜಿಲ್ಲೆ)

ಉತ್ತರ: ರಾಜೀನಾಮೆ ಬರೆಯಬೇಡಿ. ನೀವು ಬರೆಯಬೇಕಾದ ಪತ್ರ ಬೇರೆಯೇ ಇದೆ.

ಮೊದಲು ಅತ್ತೆಯವರ ಮಾತು. ಅವರ ಕಾಳಜಿ ಸುಳ್ಳಲ್ಲ, ಲೆಕ್ಕ ತಪ್ಪು. ಗುಂಡಿ ಒತ್ತಿದಷ್ಟು ಹೊತ್ತು ಮಾತ್ರ ಮಷೀನಿನಿಂದ ಕಿರಣ ಹೊರಡುತ್ತದೆ. ಆಮೇಲೆ ಗೋಡೆಯಲ್ಲಾಗಲಿ ನಿಮ್ಮ ಬಟ್ಟೆಯಲ್ಲಾಗಲಿ ಏನೂ ಉಳಿಯುವುದಿಲ್ಲ. ನೀವು ಇದನ್ನು ಓದಿಕೊಂಡೇ ಕೆಲಸಕ್ಕೆ ಬಂದವರು, ಅವರಿಗೆ ಯಾರೂ ಹೇಳಿಲ್ಲ, ಅಷ್ಟೇ. ಮಣ್ಣು, ಕಲ್ಲು, ಆಕಾಶದಿಂದಲೇ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಗಲುತ್ತಿರುತ್ತದೆ ಎಂಬುದನ್ನೂ ಹೇಳಿ.

ಇನ್ನು ನಿಯಮ. ದೇಶದ ಎಲ್ಲ ಎಕ್ಸ್‌ರೇ, ಸಿಟಿ ಮಷೀನುಗಳ ಮೇಲೆ ಕಣ್ಣಿಡುವುದು ಮುಂಬೈಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ನಿಮ್ಮ ವೃತ್ತಿಯವರ ಬಾಯಲ್ಲಿ ಎಇಆರ್‌ಬಿ. ನಿಮ್ಮಂಥ ಕೆಲಸಗಾರರಿಗೆ ಅದು ಇಟ್ಟ ಮಿತಿ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ಮೀರಬಾರದು. ಬಸುರಿ ಎಂದು ತಿಳಿಸಿದ ಮೇಲೆ ಹೊಟ್ಟೆಯಲ್ಲಿರುವ ಮಗುವಿಗೆ ಹೆರಿಗೆಯವರೆಗೆ ಒಟ್ಟು 1 ಮಾತ್ರ. ಬೀದಿಯಲ್ಲಿ ಹೋಗುವವರಿಗೆ ವರ್ಷಕ್ಕೆ ಇಟ್ಟಿರುವ ಮಿತಿಯೂ ಅದೇ 1. ಸಂಬಳಕ್ಕೆ ಸೇರಿದವರು ನೀವು, ಮಗುವಲ್ಲವಲ್ಲ!

‘ತಿಳಿಸಿದ ಮೇಲೆ’ ಎಂಬುದನ್ನು ಗಮನಿಸಿ. ನೀವು ಮುಚ್ಚಿಟ್ಟರೆ ಆ ರಕ್ಷಣೆ ಶುರುವಾಗುವುದೇ ಇಲ್ಲ.

ನನಗೆ ಸಿಟ್ಟು ಬಂದದ್ದು ಬ್ಯಾಡ್ಜಿನ ವಿಷಯಕ್ಕೆ. ಬೀರುವಿನಲ್ಲಿರುವ ಬ್ಯಾಡ್ಜ್ ಅಳೆಯುವುದು ಬೀರುವನ್ನು. ಮೂರು ತಿಂಗಳಿಗೊಮ್ಮೆ ಅದು ಲ್ಯಾಬಿಗೆ ಹೋಗಿ ಬರುತ್ತದೆ, ವರದಿಯಲ್ಲಿ ನಿಮ್ಮ ಹೆಸರಿನ ಮುಂದೆ ಸೊನ್ನೆ, ಎಲ್ಲರಿಗೂ ನೆಮ್ಮದಿ. ನಾಳೆಯೇ ಕೇಳಿ ಪಡೆಯಿರಿ. ಎದೆಯ ಮಟ್ಟದಲ್ಲಿ, ಲೆಡ್ ಏಪ್ರನ್ನಿನ ಒಳಗೆ ಹಾಕಿಕೊಳ್ಳಿ. ಕೆಲಸ ಮುಗಿದ ಮೇಲೆ ಕಿರಣ ತಾಗದ ಜಾಗದಲ್ಲಿ ಇಡಿ. ಹಿಂದಿನ ವರದಿಗಳ ಪ್ರತಿಯನ್ನೂ ಕೇಳಿ, ಅದು ನಿಮ್ಮದೇ ದಾಖಲೆ.

ಬಾಗಿಲ ರಿಪೇರಿ ಮಾಲೀಕರ ಹೊಣೆ. ಹೊರಗಿನ ಬೆಂಚಿನಲ್ಲಿ ಕೂತವರಿಗಾಗಿಯೂ ಅದು ಮುಚ್ಚಬೇಕು. ನಿಮ್ಮಲ್ಲೂ ಸ್ಕ್ಯಾನಿಂಗ್ ರೂಮಿದ್ದರೆ ‘ಇಲ್ಲಿ ಲಿಂಗ ಪತ್ತೆ ಮಾಡುವುದಿಲ್ಲ’ ಎಂಬ ಫಲಕ ಖಂಡಿತ ನೇತಾಡುತ್ತಿರುತ್ತದೆ. ಆ ಫಲಕಕ್ಕಿರುವ ಭಯಭಕ್ತಿ ಈ ಬಾಗಿಲಿಗೂ ಬರಲಿ. ಅಂದಹಾಗೆ, ಆ ಸ್ಕ್ಯಾನಿಂಗ್‌ನಲ್ಲಿರುವುದು ಶಬ್ದದ ಅಲೆ, ಎಕ್ಸ್‌ರೇ ಅಲ್ಲ. ಅದಕ್ಕೂ ಅತ್ತೆ ಅಂಜಿದರೆ ಧೈರ್ಯ ಹೇಳಿ.

ರೂಮಿನೊಳಗೆ ತಡೆಗೋಡೆಯ ಹಿಂದೆ ನಿಂತು ಗುಂಡಿ ಒತ್ತುವ ಕೆಲಸವನ್ನು ನೀವು ಮುಂದುವರಿಸಬಹುದು. ಬಿಡಬೇಕಾದದ್ದು ಬೇರೆ: ಅಳುವ ಮಗುವನ್ನು, ತೂಗಾಡುವ ಅಜ್ಜನನ್ನು ಹಿಡಿದುಕೊಂಡು ನಿಲ್ಲುವುದು. ಸಣ್ಣ ಆಸ್ಪತ್ರೆಗಳಲ್ಲಿ ಇದು ಟೆಕ್ನಿಷಿಯನ್‌ಗಳ ತಲೆಗೇ ಬರುತ್ತದೆ. ಇನ್ನು ಮುಂದೆ ಬಸುರಿಯಲ್ಲದ ಸಂಬಂಧಿಕರೊಬ್ಬರಿಗೆ ಏಪ್ರನ್ ಹಾಕಿಸಿ ನಿಲ್ಲಿಸಿ. ವಾರ್ಡಿಗೆ ಮೊಬೈಲ್ ಎಕ್ಸ್‌ರೇ ಒಯ್ಯುವುದು, ಆಪರೇಷನ್ ಥಿಯೇಟರಿನ ಸಿ-ಆರ್ಮ್ ಎಕ್ಸ್‌ರೇ ಮಷೀನಿನ ಪಕ್ಕ ನಿಲ್ಲುವುದು ಸದ್ಯಕ್ಕೆ ಬೇರೆಯವರ ಪಾಲಿಗಿರಲಿ. ಒಯ್ಯಲೇಬೇಕಾದರೆ ಏಪ್ರನ್ ಹಾಕಿ, ವೈರು ಎಟುಕುವಷ್ಟು ದೂರ ನಿಂತು ಒತ್ತಿ. ದೂರ ಎರಡರಷ್ಟಾದರೆ ಕಿರಣ ಕಾಲು ಭಾಗಕ್ಕೆ ಇಳಿಯುತ್ತದೆ.

ಈಗ ಆ ಪತ್ರ. ಮಾಲೀಕರಿಗೂ ವಿಕಿರಣ ಸುರಕ್ಷತಾ ಅಧಿಕಾರಿಗೂ (ನಿಮ್ಮಲ್ಲಿ ಬಹುಶಃ ಡಾಕ್ಟರೊಬ್ಬರ ಹೆಸರಿನಲ್ಲೇ ಇದ್ದೀತು) ನಾಲ್ಕು ಸಾಲು ಬರೆಯಿರಿ: ಬಸುರಿಯಾಗಿದ್ದೇನೆ, ನಿಯಮದಂತೆ ಕೆಲಸ ಹೊಂದಿಸಿಕೊಡಿ, ಬ್ಯಾಡ್ಜ್ ಕೊಡಿ, ಬಾಗಿಲು ಸರಿಮಾಡಿಸಿ. ಕೆಲಸ ಬದಲಿಸಿಕೊಡುವುದು ಅವರ ಕರ್ತವ್ಯ, ಬಸುರಿ ಎಂಬುದು ತೆಗೆದುಹಾಕಲು ಕಾರಣವಾಗದು. ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ, ಹೆರಿಗೆಗೆ ಹಿಂದಿನ ಒಂದು ವರ್ಷದಲ್ಲಿ 80 ದಿನ ಕೆಲಸ ಮಾಡಿದ್ದರೆ, ಮೊದಲ ಹೆರಿಗೆಗೆ 26 ವಾರ ಸಂಬಳದ ರಜೆಯೂ ಉಂಟು. ಪತ್ರದ ಎರಡನೇ ಪ್ರತಿಯ ಮೇಲೆ ‘ತಲುಪಿದೆ’ ಎಂದು ಸಹಿ, ಸೀಲು ಹಾಕಿಸಿಕೊಳ್ಳಿ. ಹಾಕದಿದ್ದರೆ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ. ಆಗಲೂ ಬಾಗಿಲು ಹಾಗೇ ಇದ್ದರೆ ಅದೇ ಪತ್ರದ ಪ್ರತಿ ಮುಂಬೈಗೆ ಹೋಗಲಿ.