ಬೆನ್ನಿಗೊಂದು ರಸಮಟ್ಟ

ಸ್ಕೋಲಿಯೋಸಿಸ್ ಅಂದರೆ ಬೆನ್ನುಮೂಳೆ ಪಕ್ಕಕ್ಕೆ ಬಾಗೋದು ಅಂತಾರೆ. ಅದು ಅರ್ಧ ಮಾತ್ರ ಸರಿ. ಬಾಗುವುದರ ಜೊತೆ ತಿರುಚಿಕೊಳ್ಳುತ್ತದೆ ಕೂಡ. ಬೆಂಡಿಂಗ್ ಪ್ಲಸ್ ಟಾರ್ಷನ್ ಅಂದರೆ ನಮಗೆ ಬೇಗ ಅರ್ಥವಾದೀತು. ಎಕ್ಸ್-ರೇಯಲ್ಲಿ ಅಳೆಯುವ ಕಾಬ್ ಕೋನ 10 ಡಿಗ್ರಿ ದಾಟಿದರೆ ಆ ಹೆಸರು. ಹದಿಹರೆಯದಲ್ಲಿ ನೂರಕ್ಕೆ ಎರಡು-ಮೂರು ಮಕ್ಕಳಿಗೆ ಇರುತ್ತದೆ, ಬಹುಪಾಲು ಕಾರಣ ತಿಳಿಯದ್ದು. ಸ್ಕೂಲ್ ಬ್ಯಾಗು, ಸೊಟ್ಟಗೆ ಕೂರೋದು ಕಾರಣವಲ್ಲ. ಮಕ್ಕಳನ್ನ ಸುಮ್ಮನೆ ಬೈಯಬೇಡಿ.

ನಮ್ಮ ಬೆಳವಣಿಗೆ ಮುಗಿದಾಯ್ತು. ಆದರೆ ಶಿರಸಿ, ಸಿದ್ದಾಪುರ, ಯಲ್ಲಾಪುರದ ಮನೆಗಳಲ್ಲಿ ನಮ್ಮ ತಂಗಿ ತಮ್ಮಂದಿರಿದ್ದಾರಲ್ಲ? ಎತ್ತರ ಸರಸರನೆ ಏರುವ ಒಂದೆರಡು ವರ್ಷದಲ್ಲೇ ಬಾಗು ಜೋರಾಗಿ ಹೆಚ್ಚೋದು. ದೊಡ್ಡ ಬಾಗು ಹುಡುಗಿಯರಲ್ಲೇ ಹೆಚ್ಚು. 'ನಾಳೆ ಮದುವೆ ಮಾತು ಬರುತ್ತೆ' ಅಂತ ದುಪಟ್ಟಾದಡಿ ಮುಚ್ಚಿಟ್ಟರೆ ಕಳೆಯೋದು ಆ ಒಂದೆರಡು ವರ್ಷವೇ.

ವ್ಯಾಯಾಮದಲ್ಲಿ ಹೆಸರಾದದ್ದು ಶ್ರಾತ್ ಪದ್ಧತಿ. ಸ್ವತಃ ಸ್ಕೋಲಿಯೋಸಿಸ್ ಇದ್ದ ಕ್ಯಾಥರೀನಾ ಶ್ರಾತ್ 1921ರಲ್ಲಿ ಜರ್ಮನಿಯ ಮೈಸೆನ್‌ನಲ್ಲಿ ಶುರುಮಾಡಿದ್ದು. ಕನ್ನಡಿ ಎದುರು ನಿಂತು ಬೆನ್ನನ್ನು ಉದ್ದಕ್ಕೆ ಎಳೆದು, ಸೊಂಟವನ್ನು ಸರಿಹೊಂದಿಸಿ, ತಗ್ಗಾದ ಪಕ್ಕೆಯೊಳಗೆ ಉಸಿರು ತುಂಬಿ, ಆ ಭಂಗಿಯನ್ನು ಸ್ನಾಯುಗಳಿಂದ ಬಿಗಿಹಿಡಿಯಬೇಕು. ಬಲಕ್ಕೆ ಬಾಗಿದವರದ್ದು ಎಡಕ್ಕೆ ಬಾಗಿದವರಿಗೆ ಹೊಂದಲ್ಲ. ಅದಕ್ಕೇ ಯೂಟ್ಯೂಬ್ ನೋಡಿ ಮಾಡಿಸೋದು ಬೇಡ. ತರಬೇತಾದ ಫಿಸಿಯೋಥೆರಪಿಸ್ಟ್ ಎಕ್ಸ್-ರೇ ನೋಡಿ ಕಲಿಸಬೇಕು. ನಮ್ಮ ಕಡೆಯವರಿಗೆ ದೊಡ್ಡಾಸ್ಪತ್ರೆ ಅಂದರೆ ಹುಬ್ಬಳ್ಳಿ, ಶಿವಮೊಗ್ಗ, ಇಲ್ಲವೇ ಮಣಿಪಾಲ. ಶಿರಸಿಯಿಂದ ಹುಬ್ಬಳ್ಳಿಗೇ ನೂರು ಕಿಲೋಮೀಟರ್ ಆಸುಪಾಸು. ವಾರವಾರ ಬಸ್ಸು ಹತ್ತೋದು ಆಗದ ಮಾತು. ಸರಿಯಾಗಿ ಕಲಿತು ಮನೆಯಲ್ಲಿ ದಿನಾ ಮಾಡಿ, ಆಗಾಗ ಹೋಗಿ ತಿದ್ದಿಸಿಕೊಂಡು ಬರೋದೇ ದಾರಿ.

ಒಂದು ಮಾತು ನೇರವಾಗಿ ಹೇಳ್ತೇವೆ: ವ್ಯಾಯಾಮ ಬ್ರೇಸ್‌ಗೆ ಬದಲಿಯಲ್ಲ. ಬೆಳೆಯುವ ಮಕ್ಕಳಲ್ಲಿ 25ರಿಂದ 40 ಡಿಗ್ರಿಯ ಬಾಗಿಗೆ ವೈದ್ಯರು ಸಾಮಾನ್ಯವಾಗಿ ಬ್ರೇಸ್ ಹೇಳುತ್ತಾರೆ. 2013ರಲ್ಲಿ ಪ್ರಕಟವಾದ ಅಮೆರಿಕ-ಕೆನಡಾದ ಅಧ್ಯಯನದಲ್ಲಿ ಬ್ರೇಸ್ ತೊಟ್ಟವರಲ್ಲಿ ಶೇ. 72, ತೊಡದವರಲ್ಲಿ ಶೇ. 48 ಮಕ್ಕಳ ಬಾಗು 50 ಡಿಗ್ರಿ ಮುಟ್ಟದೆ ಬೆಳವಣಿಗೆ ಮುಗಿಯಿತು. ಹೆಚ್ಚು ಗಂಟೆ ತೊಟ್ಟವರಿಗೆ ಹೆಚ್ಚು ಲಾಭ. ವ್ಯಾಯಾಮಕ್ಕೆ ಅಷ್ಟು ಗಟ್ಟಿ ಪುರಾವೆ ಇನ್ನೂ ಇಲ್ಲ.

ರಜೆಗೆ ಊರಿಗೆ ಹೋದಾಗ ಅಮ್ಮನ ಹತ್ತಿರ ಹೇಳಿ ಪರೀಕ್ಷೆ ಮಾಡಿಸಿ. ಮಗು ಕಾಲು ಜೋಡಿಸಿ, ಮಂಡಿ ಮಡಚದೆ, ಅಂಗೈ ಕೂಡಿಸಿ ಮುಂದಕ್ಕೆ ಬಗ್ಗಲಿ. ಹಿಂದಿನಿಂದ ನೋಡಿದರೆ ಒಂದು ಪಕ್ಕೆ ಉಬ್ಬಿದೆಯಾ? ಫೋನಿನ ರಸಮಟ್ಟದ ಆ್ಯಪ್ ತೆರೆದು ಬೆನ್ನಿಗೆ ಅಡ್ಡಲಾಗಿ ಇಡಿ. 5ರಿಂದ 7 ಡಿಗ್ರಿ ವಾಲಿದರೆ ಮೂಳೆ ವೈದ್ಯರಿಗೆ ತೋರಿಸಿ. ಮೇಲ್ಬೆನ್ನು, ಸೊಂಟ ಎರಡೂ ಕಡೆ ಅಳೆಯಿರಿ. ಎಸ್ ಆಕಾರದ ಬಾಗಿದ್ದರೆ ಮೇಲೊಂದು ಕಡೆ, ಕೆಳಗೆ ಇನ್ನೊಂದು ಕಡೆ ವಾಲುತ್ತದೆ.