ಸಂಸ್ಥೆಗಳ ಧ್ಯೇಯೋದ್ದೇಶಗಳು: ಒಂದು ಮರುಚಿಂತನೆ

ಯಾವ ವಿದ್ಯಾಸಂಸ್ಥೆಯ ವಿವರಣ ಪುಸ್ತಿಕೆಯನ್ನು ತೆರೆದರೂ ಮೊದಲ ಪುಟದಲ್ಲಿಯೇ ವಿದ್ಯಾರ್ಥಿಗಳ ಸರ್ವಾಂಗೀಣ ವಿಕಾಸವೇ ತನ್ನ ಧ್ಯೇಯವೆಂಬ ವಾಕ್ಯವೊಂದು ಕಣ್ಣಿಗೆ ಬೀಳುತ್ತದೆ. ಹೆಸರನ್ನು ಮುಚ್ಚಿ ಓದಿದರೆ ಅದು ಯಾವ ಊರಿನ ಯಾವ ಶಾಲೆಯದೆಂದು ತಿಳಿಯದು. ಆ ವಾಕ್ಯದಲ್ಲಿ ಸುಳ್ಳೇನೂ ಇಲ್ಲ. ಆದರೆ ಸಂದಿಗ್ಧ ಸಮಯದಲ್ಲಿ ಅದು ಯಾರಿಗೂ ದಾರಿ ತೋರಿಸುವುದಿಲ್ಲ. ಈ ದೃಷ್ಟಿಯಿಂದ ರೆಡ್ ಕ್ರಾಸ್ ಸಂಸ್ಥೆಯ ಚರಿತ್ರೆ ಅಭ್ಯಾಸಯೋಗ್ಯವಾದುದು. ನಮ್ಮ ಪ್ರೌಢಶಾಲೆಗಳ ಮಕ್ಕಳು ಜೂನಿಯರ್ ರೆಡ್ ಕ್ರಾಸ್ ಮೂಲಕ ಅದರ ಹೆಸರನ್ನು ಬಲ್ಲರಾದರೂ ಅದರ ಚರಿತ್ರೆಯನ್ನು ಬಲ್ಲವರು ವಿರಳ.

1859ರ ಜೂನ್ 24ರಂದು ಉತ್ತರ ಇಟಲಿಯ ಸಾಲ್ಫೆರಿನೋದಲ್ಲಿ ಘೋರ ಯುದ್ಧ ನಡೆಯಿತು. ಸ್ವಂತ ವ್ಯವಹಾರದ ನಿಮಿತ್ತ ಆ ಪ್ರದೇಶಕ್ಕೆ ಬಂದಿದ್ದ ಜಿನೀವಾದ ವರ್ತಕ ಹೆನ್ರಿ ಡ್ಯುನಾಂಟ್, ಸಮೀಪದ ಕಾಸ್ತಿಲಿಯೋನೆ ಪಟ್ಟಣದ ಸ್ತ್ರೀಯರನ್ನು ಕೂಡಿಕೊಂಡು, ಶತ್ರು ಮಿತ್ರರೆಂಬ ಭೇದವೆಣಿಸದೆ ಗಾಯಾಳುಗಳ ಶುಶ್ರೂಷೆಗೆ ನಿಂತನು. 1863ರಲ್ಲಿ ಜಿನೀವಾದಲ್ಲಿ ಐವರ ಸಮಿತಿ ರಚಿತವಾಯಿತು. ಮರುವರ್ಷವೇ ಜಿನೀವಾ ಒಪ್ಪಂದವಾಯಿತು. ಮಾನವೀಯತೆ, ನಿಷ್ಪಕ್ಷಪಾತ, ತಟಸ್ಥತೆ, ಸ್ವಾತಂತ್ರ್ಯ, ಸ್ವಯಂಸೇವೆ, ಏಕತೆ, ಸಾರ್ವತ್ರಿಕತೆ ಎಂಬ ಏಳು ಮೂಲತತ್ತ್ವಗಳು ಇಂದಿನ ರೂಪದಲ್ಲಿ ಅಂಗೀಕೃತವಾದುದು 1965ರಲ್ಲಿ, ವಿಯೆನ್ನಾ ಸಮ್ಮೇಳನದಲ್ಲಿ. ಸಾಲ್ಫೆರಿನೋ ಕಳೆದು ಅಷ್ಟರಲ್ಲಿ 106 ವರ್ಷಗಳಾಗಿದ್ದವು! ನಾವಾದರೋ ಕಟ್ಟಡದ ಅಡಿಗಲ್ಲಿಗೆ ಮುನ್ನವೇ ಧ್ಯೇಯವನ್ನು ಅಚ್ಚು ಹಾಕಿಸುತ್ತೇವೆ.

ಆ ತತ್ತ್ವಗಳ ಬರವಣಿಗೆಯನ್ನೂ ಗಮನಿಸಬೇಕು. ನಿಷ್ಪಕ್ಷಪಾತವೆಂದು ಹೇಳಿ ಅಲ್ಲಿಗೇ ಬಿಟ್ಟಿಲ್ಲ. ರಾಷ್ಟ್ರ, ಜನಾಂಗ, ಮತ, ವರ್ಗಗಳನ್ನು ನೋಡದೆ ಯಾರ ಸಂಕಟ ಅತ್ಯಂತ ತುರ್ತಾಗಿದೆಯೋ ಅವರಿಗೇ ಆದ್ಯತೆಯೆಂದು ಸ್ಪಷ್ಟಪಡಿಸಲಾಗಿದೆ. ಇಬ್ಬರು ಗಾಯಾಳುಗಳ ನಡುವೆ ನಿಂತ ಸೇವಕನಿಗೆ ಇದರಿಂದ ಉತ್ತರ ದೊರೆಯುತ್ತದೆ. ತಟಸ್ಥತೆಗೂ ಕಾರಣವನ್ನು ಕೊಟ್ಟಿದೆ: ಎಲ್ಲರ ವಿಶ್ವಾಸವನ್ನು ಉಳಿಸಿಕೊಳ್ಳುವುದಕ್ಕಾಗಿ ಅದು ಬೇಕು.

ಆದರೆ ಸಾಧನವೇ ಸಾಧ್ಯವಾಗಿಬಿಟ್ಟರೆ? 1942ರ ಅಕ್ಟೋಬರ್ 14ರಂದು ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿ ಜಿನೀವಾದಲ್ಲಿ ಸೇರಿತು. ನಾಜಿಗಳ ಹಿಂಸಾಕೃತ್ಯಗಳ ಸುದ್ದಿ ಅಷ್ಟರಲ್ಲಿ ಅಲ್ಲಿಗೆ ತಲಪಿತ್ತು. ಬಹಿರಂಗ ಮನವಿಯೊಂದರ ಕರಡೂ ಸಿದ್ಧವಿತ್ತು. ಯುದ್ಧಕೈದಿಗಳ ನಡುವಣ ತನ್ನ ಸೇವೆಗೆ ಕುಂದುಂಟಾದೀತೆಂಬ ಭೀತಿ ಒಂದೆಡೆ, ಸ್ವಿಟ್ಜರ್ಲೆಂಡಿನ ತಟಸ್ಥನೀತಿ ಇನ್ನೊಂದೆಡೆ. ಕೊನೆಗೆ ಮನವಿ ಹೊರಬೀಳಲಿಲ್ಲ. ಆ ಭೀತಿ ನಿರಾಧಾರವಾಗಿತ್ತೆಂದು ನಾನು ಹೇಳಲಾರೆ. ಆದರೂ ಮೌನವು ತಪ್ಪೇ. 1995ರಲ್ಲಿ ಸಮಿತಿಯ ಅಂದಿನ ಅಧ್ಯಕ್ಷ ಸೊಮ್ಮಾರುಗ ಅವರು ಸೆರೆಶಿಬಿರಗಳ ಬಲಿಪಶುಗಳ ವಿಷಯದಲ್ಲಿ ಸಂಸ್ಥೆಯಿಂದಾದ ಲೋಪಗಳಿಗೆ ಬಹಿರಂಗವಾಗಿ ವಿಷಾದಿಸಿದರು. ಏಳು ತತ್ತ್ವಗಳಲ್ಲಿ ಮಾನವೀಯತೆ ಮೊದಲನೆಯದಾಗಿರುವುದು ಆಕಸ್ಮಿಕವಲ್ಲ. ಉಳಿದವು ಅದರಿಂದಲೇ ಹುಟ್ಟುವವೆಂದು ನ್ಯಾಯವಿದ ಜಾನ್ ಪಿಕ್ಟೆ 1979ರ ತಮ್ಮ ವ್ಯಾಖ್ಯಾನದಲ್ಲಿ ವಿವರಿಸಿದ್ದಾರೆ.

ನಮ್ಮ ವ್ಯವಹಾರ ಅಷ್ಟು ಭೀಕರವಾದುದಲ್ಲ, ನಿಜ. ಆದರೆ ಉಚಿತ ವಿದ್ಯಾರ್ಥಿನಿಲಯದಲ್ಲಿ ಒಂದೇ ಸ್ಥಾನ ಉಳಿದಿರುವಾಗ, ದಾನಿಗಳ ಶಿಫಾರಸ್ಸು ತಂದ ಬುದ್ಧಿವಂತ ಹುಡುಗನೂ, ಯಾರ ಶಿಫಾರಸ್ಸೂ ಇಲ್ಲದ ತಬ್ಬಲಿಯೂ ಒಂದೇ ದಿನ ಬಾಗಿಲಿಗೆ ಬಂದರೆ, ನಿಲಯಪಾಲಕರು ಏನು ಮಾಡಬೇಕು? ಸರ್ವಾಂಗೀಣ ವಿಕಾಸವೆಂಬ ಮಾತು ಅವರ ನೆರವಿಗೆ ಬಾರದು. ಯಾರು ಮೊದಲು ಎಂಬುದನ್ನು ಸಂಸ್ಥೆ ಮುಂಚಿತವಾಗಿಯೇ ಬರೆದಿಟ್ಟಿದ್ದರೆ, ಆ ಬಡ ಪಾಲಕರು ದೊಡ್ಡವರ ಮುಂದೆ ಪುಸ್ತಿಕೆಯನ್ನು ಬಿಚ್ಚಿ ತೋರಿಸಬಹುದು. ಮುಂದಿನ ವರ್ಷದ ಪುಸ್ತಿಕೆ ಅಚ್ಚಿಗೆ ಹೋಗುವ ಮುನ್ನ ಅಧ್ಯಾಪಕರೂ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಒಂದೆಡೆ ಕುಳಿತು ಆ ಒಂದು ವಾಕ್ಯವನ್ನಾದರೂ ಬರೆಯಬೇಕೆಂದು ನನ್ನ ವಿನಂತಿ.