ಕ್ಯಾಮೆರಾ ಕಂಡದ್ದು, ಕೇಳಿಸಿಕೊಂಡದ್ದು

ಕುಡಿದು ಗಾಡಿ ಓಡಿಸಿದ ಕೇಸಿನಲ್ಲಿ ಸಿಕ್ಕವರು ನನ್ನ ಬಳಿ ಬಂದರೆ ಹೆಚ್ಚಿನವರ ಮೊದಲ ಮಾತು, ‘ವಕೀಲ್ ಸಾಬ್, ದಂಡ ಕಟ್ಟಿ ಮುಗಿಸಿಬಿಡೋಣ್ರಿ’ ಎಂಬುದೇ. ಗಡಿಭಾಗದ ನಮ್ಮ ಡಾಬಕಾ ಹೋಬಳಿಯ ಕಡೆಯವರಿಗೆ ನಾನು ಊರವನೇ ಆದ್ದರಿಂದ ಸಲುಗೆಯೂ ಜಾಸ್ತಿ. ಆದರೆ ಮೋಟಾರು ವಾಹನ ಕಾಯ್ದೆಯ 185ನೇ ಕಲಂ ರಸ್ತೆಯ ಮೇಲೆ ರಸೀದಿ ಹರಿದು ಮುಗಿಸುವಂಥದ್ದಲ್ಲ. ಕೋರ್ಟಿಗೆ ಬರಲೇಬೇಕು. 2019ರ ತಿದ್ದುಪಡಿಯಾದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮೇಲೆ ಲೈಸೆನ್ಸ್ ಅಮಾನತಾದರೆ ಟಂಟಂ, ಪಿಕಪ್ ಓಡಿಸಿ ಬದುಕುವವನ ಮನೆಯಲ್ಲಿ ಒಲೆ ಹೊತ್ತುವುದೇ ಕಷ್ಟ. ಅದಕ್ಕೇ ತಪ್ಪೊಪ್ಪಿಕೊಳ್ಳುವ ಮೊದಲು ತಪಾಸಣೆಯ ವಿಡಿಯೋ ನೋಡೋಣ ಅನ್ನುತ್ತೇನೆ.

ವಿಡಿಯೋ ಅಂದ ಕೂಡಲೇ ಕಕ್ಷಿದಾರರಿಗೆ ಧೈರ್ಯ ಬರುತ್ತದೆ. ‘ನಾ ನೆಟ್ಟಗ ನಿಂತಿದ್ದೆ, ನೋಡ್ರಿ ಬೇಕಾದ್ರ.’ ಕಾನೂನಿಗೆ ಆ ನಿಲುವು ಮುಖ್ಯವಲ್ಲ. 100 ಮಿಲಿಲೀಟರ್ ರಕ್ತದಲ್ಲಿ ಮದ್ಯ 30 ಮಿಲಿಗ್ರಾಂ ದಾಟಿತೇ ಎಂಬುದಷ್ಟೇ ಪ್ರಶ್ನೆ. ಕುಡಿದು ರೂಢಿಯಾದವನು ಅದರ ಎರಡರಷ್ಟಿದ್ದಾಗಲೂ ನೆಟ್ಟಗೆ ನಿಲ್ಲಬಲ್ಲ. ಹಾಗಾಗಿ ನಾನು ಮನುಷ್ಯನನ್ನು ಬಿಟ್ಟು ಉಸಿರು ಪರೀಕ್ಷಿಸುವ ಯಂತ್ರವನ್ನು ನೋಡುತ್ತೇನೆ. ಊದುವ ಮೊದಲು ಅದರಲ್ಲಿ ಸೊನ್ನೆ ಇತ್ತೇ? ನಳಿಕೆ ಹೊಸದೇ, ಹಿಂದಿನವನು ಊದಿದ್ದೇ? ಈಗಷ್ಟೇ ಮದ್ಯಸಾರವಿರುವ ಕೆಮ್ಮಿನ ಔಷಧ ಕುಡಿದಿದ್ದೇನೆ ಎಂದು ಅವನು ಹೇಳುವುದು ಕೇಳುತ್ತದೆಯೇ? ಬಾಯಲ್ಲಿ ಉಳಿದ ಅಂಶ ಆರಲು ಕಾಲು ಗಂಟೆ ಬಿಡದಿದ್ದರೆ ಅಂಕಿ ಏರುತ್ತದೆ. ವಿಡಿಯೋದ ಗಡಿಯಾರವನ್ನೂ ಯಂತ್ರದ ಚೀಟಿಯಲ್ಲಿರುವ ಸಮಯವನ್ನೂ ಒಂದರ ಪಕ್ಕ ಒಂದಿಟ್ಟು ಓದಬೇಕು. ಆ ಚೀಟಿ ಬಸ್ ಟಿಕೆಟ್ಟಿನಂಥ ಕಾಗದ, ಕೆಲವು ತಿಂಗಳಲ್ಲಿ ಅಕ್ಷರಗಳು ಮಾಸಿಹೋಗುತ್ತವೆ. ಕೈಗೆ ಸಿಕ್ಕ ದಿನವೇ ಜೆರಾಕ್ಸ್ ಮಾಡಿಸಿಡಿ.

ದನಿಯ ಬೆಲೆ ನನಗೆ ತಿಳಿದದ್ದು ನಮ್ಮ ಹೋಬಳಿಯ ಒಬ್ಬ ಹುಡುಗನ ಕೇಸಿನಿಂದ. ಜಾತ್ರೆ ಮುಗಿಸಿ ಬೈಕಿನಲ್ಲಿ ಮರಳುತ್ತಿದ್ದವನು. ‘ಪರೀಕ್ಷೆಗೆ ಊದಲು ನಿರಾಕರಿಸಿದ’ ಎಂದು ಕಾಗದದಲ್ಲಿತ್ತು. ರಕ್ತ ತೆಗೆಸಿರಲಿಲ್ಲ. ಮೊದಲು ನಮಗೆ ಸಿಕ್ಕದ್ದು ಯಾರೋ ಮೊಬೈಲಿನಲ್ಲಿ ಕತ್ತರಿಸಿ ಕಳಿಸಿದ ಮೂಕ ತುಣುಕು. ಹುಡುಗ ಕೆನ್ನೆ ಉಬ್ಬಿಸುತ್ತಾನೆ, ಬಾಯಿ ತೆಗೆಯುತ್ತಾನೆ, ತಲೆ ಅಲ್ಲಾಡಿಸುತ್ತಾನೆ. ನೋಡಿದವರಾರಾದರೂ ಹಟ ಮಾಡುತ್ತಿದ್ದಾನೆ ಅನ್ನಬೇಕು. ಕೋರ್ಟಿಗೆ ಅರ್ಜಿ ಹಾಕಿ ಮೂಲ ವಿಡಿಯೋ ತರಿಸಿದೆವು. ಅದರಲ್ಲಿ ದನಿಯಿತ್ತು. ‘ನಿಲ್ಲಿಸದೆ ಜೋರಾಗಿ ಊದು’ ಎಂದು ಪೊಲೀಸರು ಕನ್ನಡದಲ್ಲಿ ಹೇಳುತ್ತಾರೆ. ಮನೆಯಲ್ಲೂ ಶಾಲೆಯಲ್ಲೂ ಮರಾಠಿಯಲ್ಲೇ ಬೆಳೆದ ಹುಡುಗ ‘ಕಾಯ್ ಕರೂ, ಸಾಹೇಬ್?’ ಅನ್ನುತ್ತಾನೆ. ಮುಂದಿನ ಸಲ ಊದುವ ಬದಲು ನಳಿಕೆಯನ್ನು ಹೀರುತ್ತಾನೆ! ಏನು ಮಾಡಲಿ ಎಂದು ಮತ್ತೆ ಕೇಳುತ್ತಾನೆ. ‘ಬೇಕಂತಲೇ ಮಾಡ್ತಾನ’ ಎಂಬ ಇನ್ನೊಂದು ದನಿಯೊಂದಿಗೆ ವಿಡಿಯೋ ಮುಗಿಯುತ್ತದೆ.

ಮೋಟಾರು ವಾಹನ ಕಾಯ್ದೆಯ 205ನೇ ಕಲಂ ಪ್ರಕಾರ ಪರೀಕ್ಷೆ ಕೊಡದಿರುವುದನ್ನೇ ಆರೋಪಕ್ಕೆ ಬಲವಾಗಿ ಪರಿಗಣಿಸಬಹುದು, ಸಮಂಜಸ ಕಾರಣ ತೋರಿಸದಿದ್ದರೆ ಮಾತ್ರ. ಹೇಳಿದ್ದೇ ತಿಳಿಯಲಿಲ್ಲ ಎಂಬುದಕ್ಕಿಂತ ಸಮಂಜಸ ಕಾರಣ ಬೇರೇನಿದೆ? ಮ್ಯಾಜಿಸ್ಟ್ರೇಟರು ಆ ಭಾಗವನ್ನು ಎರಡು ಸಲ ಹಾಕಿಸಿ ಕೇಳಿದರು. ಹುಡುಗ ಬಿಡುಗಡೆಯಾದ.

ಇಂಥ ವಿಡಿಯೋ ತಾನಾಗಿ ಉಳಿದಿರುವುದಿಲ್ಲ. ಪೆಟ್ರೋಲ್ ಬಂಕಿನ, ಧಾಬಾದ ಕ್ಯಾಮೆರಾ ಯಂತ್ರಗಳು ಕೆಲವೇ ವಾರಗಳಲ್ಲಿ ಹಳೆಯದರ ಮೇಲೆ ಹೊಸದನ್ನು ಬರೆದುಕೊಳ್ಳುತ್ತವೆ. ಪೊಲೀಸ್ ಠಾಣೆಯದ್ದಾದರೆ ಪರಮ್‌ವೀರ್ ಸಿಂಗ್ ಸೈನಿ ಪ್ರಕರಣದಲ್ಲಿ 2020ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ನೆರವಿಗಿದೆ: ದನಿಸಹಿತ ಸಿಸಿಟಿವಿ ಇರಬೇಕು, 18 ತಿಂಗಳು ಕಾಯ್ದಿಡಬೇಕು, ಅದಾಗದಿದ್ದರೆ ಕನಿಷ್ಠ ಒಂದು ವರ್ಷ. ಹಾಗೆಂದು ವರ್ಷ ಕಾಯುತ್ತ ಕೂರಬಾರದು. ಕೇಸು ಕೈಗೆ ಬಂದ ದಿನವೇ ದಿನಾಂಕ, ವೇಳೆ, ಜಾಗ ಬರೆದು ‘ಅಳಿಸಬೇಡಿ’ ಎಂದು ಲಿಖಿತ ಮನವಿ ಕೊಡಬೇಕು, ಸ್ವೀಕೃತಿ ಪಡೆಯಬೇಕು. ಮುಂದೆ ಕೋರ್ಟಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 94ನೇ ಕಲಂ ಅಡಿ ಅದನ್ನು ತರಿಸಲು ಆ ಸ್ವೀಕೃತಿಯೇ ಆಧಾರ.

ವಿಡಿಯೋ ಸಿಕ್ಕರೆ ಸಾಲದು, ಅದರ ಜೊತೆ ಪ್ರಮಾಣಪತ್ರವೂ ಬೇಕು. ಆ ವಿಷಯದಲ್ಲಿ ನಮಗೆ ಪಾಠ ಹೇಳಿದ್ದು ಪಕ್ಕದ ಮರಾಠವಾಡದ್ದೇ ಒಂದು ಕೇಸು. ಜಾಲ್ನಾ ವಿಧಾನಸಭಾ ಕ್ಷೇತ್ರದ ಚುನಾವಣೆ, ನಾಮಪತ್ರ ಹೊತ್ತು ಮೀರಿ ಬಂತೆಂಬ ತಕರಾರು, ಚುನಾವಣಾಧಿಕಾರಿ ಕಚೇರಿಯ ವಿಡಿಯೋ. ಎಷ್ಟು ಕೇಳಿದರೂ ಪ್ರಮಾಣಪತ್ರ ಮಾತ್ರ ಸಿಗಲಿಲ್ಲ. ಅರ್ಜುನ್ ಪಂಡಿತರಾವ್ ಖೋತ್ಕರ್ ಪ್ರಕರಣವೆಂದೇ ಹೆಸರಾದ 2020ರ ಆ ತೀರ್ಪು, ವಿದ್ಯುನ್ಮಾನ ಪ್ರತಿಗೆ ಪ್ರಮಾಣಪತ್ರ ಕಡ್ಡಾಯ, ಕೊಡಬೇಕಾದವರು ಕೊಡದಿದ್ದರೆ ನ್ಯಾಯಾಲಯದ ಮೂಲಕ ತರಿಸಿಕೊಳ್ಳಿ ಎಂದಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಇನ್ನೂ ಬಿಗಿ: ಕಡತದ ಬೆರಳಚ್ಚಿನಂಥ ಹ್ಯಾಶ್ ಸಂಖ್ಯೆಯನ್ನೂ ನಮೂದಿಸಬೇಕು, ಒಂದು ಭಾಗಕ್ಕೆ ತಜ್ಞರ ಸಹಿಯೂ ಬೇಕು. ವಾಟ್ಸ್ಆ್ಯಪ್‌ನಲ್ಲಿ ಬಂದ ತುಣುಕನ್ನು ಪೆನ್‌ಡ್ರೈವ್‌ಗೆ ಹಾಕಿ ಕೊಟ್ಟರೆ ನಡೆಯುವುದಿಲ್ಲ.

ವಿಡಿಯೋ ಕಕ್ಷಿದಾರನ ವಿರುದ್ಧವೂ ನಿಲ್ಲುತ್ತದೆ. ಒಬ್ಬರು ‘ಗಾಡಿ ಓಡಿಸಿದ್ದು ನನ್ನ ಅಳಿಯ’ ಎಂದು ದೇವರಾಣೆ ಹಾಕಿದ್ದರು. ಬಂಕಿನ ಕ್ಯಾಮೆರಾದಲ್ಲಿ ಅವರೇ ತಡವರಿಸುತ್ತ ಚಾಲಕನ ಸೀಟಿಗೆ ಹತ್ತುತ್ತಿದ್ದರು, ಹಿಂದಿನ ಸೀಟಿನಲ್ಲಿ ಮಗು ಮಲಗಿತ್ತು. ಅವರನ್ನು ಕೂರಿಸಿ ತೋರಿಸಿದೆ. ‘ಕಾಕಾ, ಇದರ ಮುಂದೆ ನಾನು ಸುಳ್ಳು ವಾದಿಸಲ್ಲ’ ಅಂದೆ. ತಪ್ಪೊಪ್ಪಿಕೊಂಡು ದಂಡ ಕಟ್ಟಿದರು. ಭಾಲ್ಕಿ, ಔರಾದ್ ರಸ್ತೆಗಳಲ್ಲಿ ರಾತ್ರಿ ಕಬ್ಬಿನ ಟ್ರ್ಯಾಕ್ಟರುಗಳ ನಡುವೆ ಕುಡಿದವನೊಬ್ಬ ನುಗ್ಗಿದರೆ ಏನಾಗುತ್ತದೆಂದು ಇಲ್ಲಿನವರಿಗೆ ಹೇಳಬೇಕಿಲ್ಲ.

ನಮ್ಮದು ಕನ್ನಡ, ಮರಾಠಿ, ದಖನಿ ಮೂರೂ ಬೆರೆತ ಗಡಿ. ಊದುವುದು ಹೇಗೆಂಬ ಎರಡು ವಾಕ್ಯಗಳನ್ನು ಮೂರೂ ಭಾಷೆಯಲ್ಲಿ ಮುದ್ರಿಸಿಕೊಂಡು, ತಪಾಸಣೆಯ ಪ್ರತಿಯೊಂದು ತಂಡವೂ ಕ್ಯಾಮೆರಾ ಮುಂದೆ ಓದಿಹೇಳಲಿ ಎಂದು ವಕೀಲರ ಸಭೆಯಲ್ಲೂ ಅಧಿಕಾರಿಗಳೆದುರೂ ಕೇಳುತ್ತ ಬಂದಿದ್ದೇನೆ. ಅದಕ್ಕೆ ಹಣವೂ ಬೇಡ, ಹೊಸ ಕಾನೂನೂ ಬೇಡ. ನಿರಾಕರಿಸಿದವನು ಯಾರು, ತಿಳಿಯದವನು ಯಾರು ಎಂಬುದು ರಸ್ತೆಯ ಮೇಲೇ ಗೊತ್ತಾಗುತ್ತದೆ.